ನೀರಿನ ಲೆಕ್ಕವಿಟ್ಟ ಮಹನೀಯರು: ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ

ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭ ಸಂದರ್ಭದಲ್ಲಿ, ತಾವೂ ಒಂದು ಶತಮಾನ ಕಾಲ ಬಾಳಿ, ಆ ಬಾಳಿನ ಬಹುಭಾಗವನ್ನು ನೀರು ಮತ್ತು ವಿದ್ಯೆ ಎಂಬ ಎರಡು ಕಾರ್ಯಗಳಿಗೆ ಮೀಸಲಿಟ್ಟ ಒಬ್ಬ ಮಹನೀಯರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಮೈಸೂರು ಪೇಟ, ಕನ್ನಂಬಾಡಿ ಕಟ್ಟೆ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ಕೆಲಸ ಮಾಡಿದ ವಿಧಾನವೇನು, ಆ ವಿಧಾನಕ್ಕೂ ನಮ್ಮ ಆದೋನಿ, ಆಲೂರು, ಕೋಸಿಗಿ, ಮಂತ್ರಾಲಯ, ಎಮ್ಮಿಗನೂರು ಸೀಮೆಯ ಒಣಭೂಮಿಗೂ ಇರುವ ನಂಟೇನು ಎಂಬುದನ್ನು ಯೋಚಿಸುವವರು ಕಡಿಮೆ.

ವಂಶಮೂಲದಿಂದಲೇ ಆ ನಂಟು ಆರಂಭವಾಗುತ್ತದೆ. ಅವರ ಹೆಸರಿನಲ್ಲಿರುವ ಮೋಕ್ಷಗುಂಡಂ ಎಂಬ ಗ್ರಾಮವು ಗಿದ್ದಲೂರು-ಕಂಬಂ ಪ್ರಾಂತ್ಯದ್ದು. ವಿಜಯನಗರದ ಕಾಲದ ದೊಡ್ಡ ಕೆರೆಗೆ ಹೆಸರಾದ ಆ ಸೀಮೆ ಹಿಂದೆ ಕರ್ನೂಲು ಜಿಲ್ಲೆಯಲ್ಲಿಯೇ ಇತ್ತು. 1970ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಬೇರ್ಪಟ್ಟಿತು. ಅವರ ಪೂರ್ವಿಕರು ಅಲ್ಲಿಂದ ಮೈಸೂರು ಸೀಮೆಗೆ ವಲಸೆ ಹೋಗಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ನೆಲೆಸಿದರು. ಮನೆಯ ಮಾತು ತೆಲುಗು, ಊರಿನ ಮಾತು ಕನ್ನಡ. ಈ ಎರಡು ನುಡಿಗಳ ನಡುವೆ ಬೆಳೆಯುವುದೆಂದರೇನೆಂದು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ.

1861ರ ಸೆಪ್ಟೆಂಬರ್ 15ರಂದು ಜನಿಸಿದ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿಯೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮುಗಿಸಿ ಬೆಂಗಳೂರಿಗೆ ಬಂದು, ಇತರರ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿ ಪಡೆದರು. ಅವರು ಹದಿಹರೆಯದ ಹುಡುಗನಾಗಿದ್ದ ವರ್ಷಗಳಲ್ಲಿಯೇ, ಅಂದರೆ 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಮಹಾಕ್ಷಾಮವು ನುಂಗಿತು. ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಆದೋನಿ ಸೀಮೆಯೂ ಅದೇ ಬೆಂಕಿಯಲ್ಲಿ ಬೆಂದಿತು. ಮಳೆ ಕೈಕೊಟ್ಟರೆ ಮನುಷ್ಯರು ಸಾಯುವ ಕಾಲದಲ್ಲಿ ಬೆಳೆದ ತಲೆಮಾರು ಅವರದು.

ಅಂದು ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಬೇಕಾಯಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಆ ವಿದ್ಯಾರ್ಥಿವೇತನವೊಂದು ದೊರೆಯದೆ ಹೋಗಿದ್ದರೆ ಒಬ್ಬ ಬಡ ವಿದ್ಯಾರ್ಥಿಯ ಬದುಕು ಮನೆಪಾಠದಲ್ಲಿಯೇ ಮುಗಿಯುತ್ತಿತ್ತೇನೋ. ಹಳೆಯ ವಿದ್ಯಾರ್ಥಿಗಳು ದತ್ತಿನಿಧಿಗಳ ವಿಷಯ ಯೋಚಿಸುವಾಗ ಇದನ್ನು ನೆನೆಯಬೇಕೆಂದು ನಮ್ಮ ವಿನಂತಿ.

ಅವರ ಕೆಲಸದ ರೀತಿಯನ್ನು ತೋರಿಸಲು ಸಿಂಧ್ ಪ್ರಾಂತ್ಯದ ಸುಕ್ಕೂರಿನ ನಿದರ್ಶನವೊಂದು ಸಾಕು. ಸಿಂಧೂ ನದಿಯ ದಡದಲ್ಲಿದ್ದರೂ ಆ ಊರಿಗೆ ಶುದ್ಧವಾದ ಕುಡಿಯುವ ನೀರಿರಲಿಲ್ಲ. ನದಿಯ ನೀರು ಕೆಸರು ತುಂಬಿದ್ದು, ಅದನ್ನು ಸೋಸುವ ದುಬಾರಿ ಸೋಸುತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದ ಮರಳನ್ನೇ ಸೋಸುಗವಾಗಿ ಬಳಸಿದರು. ಪಾತ್ರದಲ್ಲಿ ಬಾವಿ ತೋಡಿಸಿ, ಮರಳಿನ ಮೂಲಕ ಇಳಿದು ತಿಳಿಯಾದ ನೀರನ್ನು ದಡಕ್ಕೆ ತಂದು, ಮೇಲಕ್ಕೆ ಎತ್ತಿ ಊರಿಗೆ ಹಂಚಿಸಿದರು. 1895ರ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ ಬಟ್ಟಲಿನಿಂದ ನೀರು ತುಂಬಿಕೊಂಡ ನಮ್ಮ ಹಿರಿಯರಿಗೆ ಈ ತತ್ತ್ವ ಹೊಸದಲ್ಲ. ಜನರ ಅನುಭವದಲ್ಲಿದ್ದ ತಿಳಿವಳಿಕೆಯನ್ನು ಅಳತೆಗೆ, ನಕ್ಷೆಗೆ, ಖರ್ಚಿನ ಅಂದಾಜಿಗೆ ತಂದು ಒಂದು ನಗರಕ್ಕೆ ಸಾಲುವಂತೆ ಮಾಡಿದ್ದು ಎಂಜಿನಿಯರರ ವಿದ್ಯೆ.

ಮುಂದೆ ಅವರು ಮುಂಬಯಿ ಸರ್ಕಾರದ ನೈರ್ಮಲ್ಯ ಎಂಜಿನಿಯರರಾಗಿ ನಗರಗಳ ನೀರು ಪೂರೈಕೆ ಮತ್ತು ಒಳಚರಂಡಿಗಳ ಹೊಣೆ ಹೊತ್ತರು. ಇಂದು ಪರಿಸರ ಎಂಜಿನಿಯರಿಂಗ್ ಎಂದು ಕಾಲೇಜುಗಳಲ್ಲಿ ಬೋಧಿಸುವ ವಿಷಯಕ್ಕೆ ಆಗ ಆ ಹೆಸರಿರಲಿಲ್ಲ; ಕೆಲಸ ಮಾತ್ರ ಅದೇ ಆಗಿತ್ತು. ಕುಡಿಯುವ ನೀರು ಎಷ್ಟು ಮುಖ್ಯವೋ ಕೊಳೆ ನೀರನ್ನು ಸುರಕ್ಷಿತವಾಗಿ ಹೊರಗೆ ಸಾಗಿಸುವುದೂ ಅಷ್ಟೇ ಮುಖ್ಯವೆಂಬುದು ಅವರ ನಿಲುವು. ದೂರದ ಏಡನ್ ಬಂದರಿನ ನೀರು ಮತ್ತು ಚರಂಡಿಯ ಸಮಸ್ಯೆಯನ್ನು ಅಧ್ಯಯನ ಮಾಡಲೂ ಸರ್ಕಾರವು ಅವರನ್ನೇ ಕಳುಹಿಸಿತು.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಪ್ರತಿ ಮಳೆಗಾಲ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅವರು ರೂಪಿಸಿದರು. ಮಟ್ಟ ಮೀರಿ ನೀರು ಏರಿದಾಗ ಬಾಗಿಲು ತೆರೆಯುವುದು, ಇಳಿದಾಗ ಮುಚ್ಚಿಕೊಳ್ಳುವುದು. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಗೆ ಅವರು ಹಕ್ಕುಪತ್ರವನ್ನೂ ಪಡೆದರು. ಅನಂತರ ಗ್ವಾಲಿಯರ್ ಸಂಸ್ಥಾನದ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಅವು ಬಳಕೆಗೆ ಬಂದವು.

ನಮ್ಮ ಭಾಗದ ರೈತ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದುದು ಅವರ ಬ್ಲಾಕ್ ಪದ್ಧತಿಯ ನೀರಾವರಿ. ದಖನ್ನಿನ ಕಾಲುವೆಗಳಲ್ಲಿ ಮೊದಲು ಕೇಳಿದವರಿಗೆಲ್ಲ ನೀರು ಕೊಡುವ ರೂಢಿಯಿತ್ತು. ಕಾಲುವೆಯ ತಲೆಭಾಗದವರು ಕಬ್ಬು ಹಾಕಿ ಹೇರಳವಾಗಿ ನೀರು ಹರಿಸಿಕೊಳ್ಳುತ್ತಿದ್ದರು. ಅವರ ಹೊಲಗಳು ಜೌಗಾಗುತ್ತಿದ್ದವು, ಊರುಗಳಲ್ಲಿ ಸೊಳ್ಳೆ ಮತ್ತು ಜ್ವರ ಹೆಚ್ಚುತ್ತಿದ್ದವು. ಕೊನೆಯ ಊರುಗಳಿಗೆ ನೀರೇ ತಲಪುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಜಮೀನುಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನೊಳಗೆ ಒಂದು ಪಾಲಿಗೆ ಮಾತ್ರ ಹೆಚ್ಚು ನೀರು ಬೇಡುವ ಬೆಳೆ, ಉಳಿದ ಪಾಲಿಗೆ ಕಡಿಮೆ ನೀರಿನ ಬೆಳೆಗಳು. ವರ್ಷದಿಂದ ವರ್ಷಕ್ಕೆ ಈ ಪಾಲುಗಳು ಸರದಿಯಂತೆ ಬದಲಾಗಬೇಕು. ಇದರಿಂದ ಇರುವ ನೀರು ಹೆಚ್ಚು ಹಳ್ಳಿಗಳಿಗೆ ಹರಿಯುವುದು, ಮಣ್ಣಿನ ಸಾರವೂ ಉಳಿಯುವುದು. ಆರಂಭದಲ್ಲಿ ವಿರೋಧವಿತ್ತು. ತಲೆಭಾಗದವರಿಗೆ ತಮ್ಮ ಸ್ವಾತಂತ್ರ್ಯ ಹೋಯಿತೆಂಬ ಅಸಮಾಧಾನ ಸಹಜವೇ. ಆದರೂ ಅವರು ರೈತರನ್ನು ಕಂಡು, ಲೆಕ್ಕ ತೋರಿಸಿ ಒಪ್ಪಿಸುವ ದಾರಿ ಹಿಡಿದರು.

ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ನಂಬಿ ಬದುಕುವ ನಮಗೆ ಈ ಸಂಗತಿ ಹಳೆಯ ಕಥೆಯಲ್ಲ. ಮೇಲಿನವರು ಭತ್ತ ಹಾಕಿದ ವರ್ಷ ಕೆಳಗಿನವರ ಹತ್ತಿ, ಮೆಣಸಿನಕಾಯಿ ಒಣಗುವುದನ್ನು ನಾವು ಕಂಡಿದ್ದೇವೆ. ನೀರಿನ ಕೊರತೆಗೆ ಮಳೆಯಷ್ಟೇ ಕಾರಣವಲ್ಲ, ಹಂಚಿಕೆಯೂ ಕಾರಣವೆಂಬ ಪಾಠವನ್ನು ಅವರು ಶತಮಾನದ ಹಿಂದೆಯೇ ಕಲಿಸಿದ್ದರು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದ್ ನಗರದಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮೊದಲು ಮಳೆಯ ದಾಖಲೆಗಳನ್ನು ಕಲೆಹಾಕಿದರು. ನದಿಯ ಜಲಾನಯನ ಪ್ರದೇಶದಲ್ಲಿ ಏಳುನೂರಕ್ಕೂ ಹೆಚ್ಚು ಕೆರೆಗಳಿದ್ದವು. ಆ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನಗರದ ರಕ್ಷಣೆಯು ನಗರದೊಳಗಿನ ಗೋಡೆಯಿಂದ ಮಾತ್ರ ಸಾಧ್ಯವಿಲ್ಲ, ನದಿಯ ಮೇಲ್ಭಾಗದಲ್ಲಿಯೇ ನೀರನ್ನು ತಡೆದು ನಿಲ್ಲಿಸಬೇಕು ಎಂದು ಅವರು ನಿರ್ಧರಿಸಿದರು. ಮುಂದೆ ಮೂಸಿಗೆ ಉಸ್ಮಾನ್ ಸಾಗರವೂ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರವೂ ನಿರ್ಮಾಣವಾದವು. ಪ್ರವಾಹ ತಡೆಯಲು ಯೋಜಿಸಿದ ಆ ಜಲಾಶಯಗಳೇ ಹಲವು ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು. ನಗರದ ಒಳಚರಂಡಿಗೂ ಅವರು ಯೋಜನೆ ಸಿದ್ಧಪಡಿಸಿದರು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಕಟ್ಟೆ ಎರಡೂವರೆ ಕಿಲೊಮೀಟರಿಗೂ ಹೆಚ್ಚು ಉದ್ದವಾದುದು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಅದನ್ನು ಕಟ್ಟಲಾಯಿತು. ಕೋಲಾರದ ಚಿನ್ನದ ಗಣಿಗೆ ಹೋಗುವ ಶಿವನಸಮುದ್ರದ ವಿದ್ಯುತ್ತಿಗೆ ಅದು ಆಸರೆಯಾಯಿತು, ಮಂಡ್ಯದ ಒಣನೆಲಕ್ಕೆ ಹಸಿರಾಯಿತು. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹಳೆಯ ಕನ್ನಂಬಾಡಿ ಊರು, ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ಹಾಗೂ ಅನೇಕ ಗ್ರಾಮಗಳು ನೀರಿನಡಿ ಸೇರಿದವು. ಅಲ್ಲಿನ ಜನ ಬೇರೆಡೆ ಮನೆ ಕಟ್ಟಿಕೊಳ್ಳಬೇಕಾಯಿತು. ಅಣೆಕಟ್ಟಿನ ಕೀರ್ತಿಯಲ್ಲಿ ಆ ಜನರ ಪಾಲೂ ಇದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಶಿಕ್ಷಕರಾದ ನಮಗೆ ಅವರ ದಿವಾನಗಿರಿಯ ಬಹು ಮುಖ್ಯ ಭಾಗವೆಂದರೆ ವಿದ್ಯೆಗೆ ಸಂಬಂಧಿಸಿದುದು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಅವಕಾಶ ನೀಡುವ ಕಾಯಿದೆ ಬಂದಿತು. ಸಂಸ್ಥಾನದಲ್ಲಿ ಶಾಲೆಗಳ ಸಂಖ್ಯೆ ಬಹಳವಾಗಿ ಹೆಚ್ಚಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ತಾವು ಪುಣೆಗೆ ಹೋಗಿ ಕಲಿತ ವಿದ್ಯೆಯನ್ನು ಮುಂದಿನವರು ತಮ್ಮ ನಾಡಿನಲ್ಲಿಯೇ ಕಲಿಯುವಂತಾಯಿತು. ಆ ಕಾಲೇಜು ಇಂದು ಅವರದೇ ಹೆಸರನ್ನು ಹೊತ್ತಿದೆ. ನಿವೃತ್ತಿಯ ನಂತರ 1943ರಲ್ಲಿ, ಕೈಕಸುಬು ಮತ್ತು ತಾಂತ್ರಿಕ ಶಿಕ್ಷಣಕ್ಕಾಗಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಅವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಟ್ಟಿತು. ಅಣೆಕಟ್ಟು ಒಂದು ನದಿಗೆ ಒಂದು. ಎಂಜಿನಿಯರರನ್ನು ರೂಪಿಸುವ ಶಾಲೆಯಾದರೋ ನೂರು ನದಿಗಳಿಗೆ ಸಾಕಾಗುವುದು.

ಅವರ ಜೀವನದಲ್ಲಿ ನಾವು ಒಪ್ಪಲಾಗದ ಒಂದು ಘಟ್ಟವೂ ಇದೆ. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ವಿಷಯವನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಶಿಕ್ಷಣವು ಹರಡಿದಂತೆ ಈ ಅಸಮಾನತೆ ತಾನಾಗಿ ಸರಿಹೋಗುವುದು, ಉದ್ಯೋಗಕ್ಕೆ ಅರ್ಹತೆಯೊಂದೇ ಅಳತೆಯಾಗಿರಬೇಕು ಎಂಬುದು ವಿಶ್ವೇಶ್ವರಯ್ಯನವರ ಅಭಿಮತ. ಈ ಭಿನ್ನಾಭಿಪ್ರಾಯದಿಂದ ಅವರು ದಿವಾನಗಿರಿಯನ್ನೇ ತೊರೆದರು. ಅವರ ಪ್ರಾಮಾಣಿಕತೆಯಲ್ಲಿ ನಮಗೆ ಸಂಶಯವಿಲ್ಲ. ಆದರೆ ಕುಟುಂಬದಲ್ಲಿಯೇ ಮೊದಲ ಬಾರಿಗೆ ಅಕ್ಷರ ಕಲಿಯುವ ಮಕ್ಕಳನ್ನು ನಿತ್ಯವೂ ಕಾಣುವ ನಾವು, ಅವರನ್ನು ಇನ್ನೂ ಕೆಲವು ತಲೆಮಾರು ಕಾಯಿರಿ ಎನ್ನಲಾರೆವು. ಕಾಲುವೆಯ ಕೊನೆಯ ಹೊಲಕ್ಕೂ ಪಾಲು ಸಿಗಬೇಕೆಂದು ನಿಯಮ ಮಾಡಿದವರು ಅವರೇ. ವಿದ್ಯೆಯ ಕಾಲುವೆಗೂ ಅದೇ ನಿಯಮ ಸಲ್ಲುವುದೆಂದು ನಮ್ಮ ನಂಬಿಕೆ.

ಅಧಿಕಾರ ಬಿಟ್ಟ ನಂತರವೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರು ದುಡಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದರು, 1923ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಒರಿಸ್ಸಾದ ಪ್ರವಾಹಗಳ ಬಗ್ಗೆ ವರದಿ ಬರೆದರು, ತೊಂಬತ್ತು ದಾಟಿದ ಮೇಲೂ ಮೊಕಾಮದಲ್ಲಿ ಗಂಗೆಗೆ ಸೇತುವೆ ಕಟ್ಟುವ ವಿಷಯದಲ್ಲಿ ಸಲಹೆಯಿತ್ತರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದ ಅವರ ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿಯೇ ನಡೆಯಿತು.

ನಮ್ಮ ಶಾಲೆ ಆರಂಭವಾದಾಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟೂ ಸಿದ್ಧವಾಯಿತು. ಗಡಿ ಬದಲಾಯಿತು, ಕಾಲುವೆ ಬಂದಿತು. ಆದರೂ ಮಳೆ ತಪ್ಪಿದ ವರ್ಷ ನಮ್ಮ ಹಳ್ಳಿಗಳ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೊರಡುತ್ತವೆ, ಅವರೊಡನೆ ನಮ್ಮ ತರಗತಿಯ ಮಕ್ಕಳೂ ಹೊರಡುತ್ತಾರೆ. ಹಾಜರಿ ಪುಸ್ತಕದ ಆ ಖಾಲಿ ಮನೆಗಳು ನೀರಿನ ಲೆಕ್ಕವೇ ಹೌದು.

ಆದ್ದರಿಂದ ಈ ಶತಮಾನೋತ್ಸವದ ನೆನಪಿಗೆ ನಾವು ಎರಡು ಕೋರಿಕೆಗಳನ್ನು ಮುಂದಿಡುತ್ತೇವೆ. ಮೊದಲನೆಯದು ಹಳೆಯ ವಿದ್ಯಾರ್ಥಿಗಳಿಗೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನು ನೆಡಿಸಿರಿ. ಪ್ರತಿದಿನದ ಮಳೆಯನ್ನೂ, ಪ್ರತಿ ತಿಂಗಳು ಬಾವಿಯ ನೀರಿನ ಮಟ್ಟವನ್ನೂ ಮಕ್ಕಳೇ ಅಳೆದು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಲಿ. ಮುಂದಿನ ನೂರು ವರ್ಷಗಳಲ್ಲಿ ಯಾವ ಎಂಜಿನಿಯರ್ ಬಂದು ಕೇಳಿದರೂ ಈ ಊರಿನ ಮಳೆಯ ಲೆಕ್ಕ ನಮ್ಮಲ್ಲಿರಲಿ. ಎರಡನೆಯದು ಪೋಷಕರಿಗೆ. ದುಡಿಮೆಗಾಗಿ ನೀವು ಊರು ಬಿಡಬೇಕಾದ ತಿಂಗಳುಗಳಲ್ಲಿ ಮಕ್ಕಳನ್ನು ಅಜ್ಜಿಯ ಬಳಿಯೋ, ವಿದ್ಯಾರ್ಥಿನಿಲಯದಲ್ಲಿಯೋ, ನಮ್ಮ ವಶದಲ್ಲಿಯೋ ಬಿಟ್ಟುಹೋಗಿರಿ. ಮುದ್ದೇನಹಳ್ಳಿಯ ತಂದೆಯಿಲ್ಲದ ಹುಡುಗನು ಶಾಲೆ ಬಿಡಲಿಲ್ಲ. ನಿಮ್ಮ ಮಕ್ಕಳೂ ಬಿಡದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು ಮತ್ತು ನಮ್ಮದು.