ಡೊಮಿನಿಕ್ ಕಾರಿಗನ್

ಸರ್ ಡೊಮಿನಿಕ್ ಜಾನ್ ಕಾರಿಗನ್ (1802–1880) ಐರ್ಲೆಂಡಿನ ಪ್ರಸಿದ್ಧ ವೈದ್ಯ. ಹೃದಯದ ಮಹಾಪಧಮನಿ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವ ರೋಗವನ್ನು, ರೋಗಿ ಬದುಕಿರುವಾಗಲೇ ಕಣ್ಣು, ಬೆರಳು, ಕಿವಿಗಳಿಂದ ಗುರುತಿಸುವ ಬಗೆಯನ್ನು ಸ್ಪಷ್ಟವಾಗಿ ವಿವರಿಸಿದವ. ಈ ರೋಗದಲ್ಲಿ ಕಂಡುಬರುವ ವಿಶಿಷ್ಟ ನಾಡಿಗೆ ಇಂದಿಗೂ ಕಾರಿಗನ್ ನಾಡಿ ಎಂಬ ಹೆಸರಿದೆ.

ಜೀವನ

ಕಾರಿಗನ್ 1802ರ ಡಿಸೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದ. ತಂದೆ ಬೇಸಾಯದ ಉಪಕರಣಗಳ ವ್ಯಾಪಾರಿ. ಮೇನೂತಿನಲ್ಲಿ ಓದುತ್ತಿದ್ದಾಗ ಅಲ್ಲಿನ ವೈದ್ಯ ಓಕೆಲಿಯ ಪ್ರಭಾವದಿಂದ ವೈದ್ಯಕೀಯದತ್ತ ಒಲಿದ. 1825ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪದವಿ ಪಡೆದ. ಮುಂದೆ ಹೃದ್ರೋಗಗಳ ಅಧ್ಯಯನದಲ್ಲಿ ಹೆಸರಾದ ವಿಲಿಯಂ ಸ್ಟೋಕ್ಸ್ ಪದವೀಧರನಾದದ್ದೂ ಅದೇ ವರ್ಷ, ಅಲ್ಲಿಯೇ.

ಡಬ್ಲಿನ್ನಿನ ವೈದ್ಯವಲಯದ ಉನ್ನತ ಸ್ಥಾನಗಳು ಆಗ ಬಹುಮಟ್ಟಿಗೆ ಪ್ರಾಟೆಸ್ಟೆಂಟರ ಕೈಯಲ್ಲಿದ್ದವು. ಕ್ಯಾಥೊಲಿಕನಾದ ಕಾರಿಗನ್‌ಗೆ ಜರ್ವಿಸ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ದೊರೆತದ್ದು ಕೇವಲ ಆರು ಹಾಸಿಗೆಗಳ ಹೊಣೆ. ರೋಗಿಗಳು ಕಡಿಮೆಯಿದ್ದುದರಿಂದ ಒಬ್ಬೊಬ್ಬರನ್ನೂ ದೀರ್ಘಕಾಲ ಪರೀಕ್ಷಿಸಲು ಸಾಧ್ಯವಾಯಿತೆನ್ನಬಹುದು.

ಕವಾಟರೋಗದ ಅಧ್ಯಯನ

1832ರಲ್ಲಿ ಎಡಿನ್‌ಬರೋದ ವೈದ್ಯಪತ್ರಿಕೆಯೊಂದರಲ್ಲಿ ಈತನ ಪ್ರಸಿದ್ಧ ಲೇಖನ ಪ್ರಕಟವಾಯಿತು. ಫ್ರಾನ್ಸಿನ ವಿಯೂಸೆನ್ಸ್, ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಮೊದಲೇ ಈ ರೋಗದ ಬಗ್ಗೆ ಬರೆದಿದ್ದರು. ಆದರೆ ಲಕ್ಷಣಗಳನ್ನು ಒಂದಕ್ಕೊಂದು ಹೊಂದಿಸಿ, ಕಾರಣಸಹಿತ ವಿವರಿಸಿದ ಶ್ರೇಯಸ್ಸು ಕಾರಿಗನ್‌ನದು.

ಹೃದಯ ಸಂಕುಚಿಸಿದಾಗ ರಕ್ತ ಮಹಾಪಧಮನಿಗೆ ನುಗ್ಗುತ್ತದೆ. ಅನಂತರ ಕವಾಟ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ರಕ್ತದ ಒಂದು ಪಾಲು ಎಡ ಹೃತ್ಕುಕ್ಷಿಗೆ ಮರಳುತ್ತದೆ. ಹೀಗೆ ಮರಳಿದ ರಕ್ತವನ್ನೂ ಸೇರಿಸಿ ಹೊರದೂಡಬೇಕಾದ್ದರಿಂದ ಹೃತ್ಕುಕ್ಷಿ ಹಿಗ್ಗುತ್ತದೆ, ಬಡಿತ ರಭಸವಾಗುತ್ತದೆ. ನಾಡಿ ಬೆರಳಿಗೆ ಫಕ್ಕನೆ ತಾಗಿ ಅಷ್ಟೇ ಬೇಗ ಕುಸಿಯುತ್ತದೆ. ರೋಗಿಯ ಕೈಯನ್ನು ಮೇಲೆತ್ತಿ ಹಿಡಿದರೆ ಇದು ಇನ್ನಷ್ಟು ಸ್ಪಷ್ಟ. ಕತ್ತಿನ, ತೋಳಿನ ಅಪಧಮನಿಗಳ ಮಿಡಿತ ಮುಟ್ಟದೆಯೇ ಕಣ್ಣಿಗೆ ಕಾಣುವುದನ್ನು ಕಾರಿಗನ್ ಒತ್ತಿ ಹೇಳಿದ. ಅದರ ಜೊತೆಗೆ ರಕ್ತನಾಳಗಳ ಮೇಲೆ ಕೇಳಿಬರುವ ಮರ್ಮರ ಶಬ್ದವನ್ನೂ ಬೆರಳಿಗೆ ಸಿಗುವ ನವಿರಾದ ಕಂಪನವನ್ನೂ ದಾಖಲಿಸಿದ.

ಚಿಕಿತ್ಸೆಯಲ್ಲಿಯೂ ಈತ ರೂಢಿಯನ್ನು ಪ್ರಶ್ನಿಸಿದ. ಹೃದ್ರೋಗಿಗಳಿಗೆ ಆಗ ಕೊಡುತ್ತಿದ್ದ ಡಿಜಿಟಾಲಿಸ್ ಬಡಿತವನ್ನು ನಿಧಾನಗೊಳಿಸುತ್ತದೆ. ಬಡಿತಗಳ ನಡುವಿನ ಬಿಡುವು ಹೆಚ್ಚಿದಷ್ಟೂ ರಕ್ತ ಹಿಂದಕ್ಕೆ ಸೋರಲು ಹೆಚ್ಚು ಸಮಯ ಸಿಗುತ್ತದೆ. ಆದ್ದರಿಂದ ಈ ರೋಗದಲ್ಲಿ ಆ ಔಷಧ ಅಪಾಯಕಾರಿ ಎಂಬುದು ಈತನ ವಾದ.

ಬರಗಾಲ ಮತ್ತು ವಿವಾದ

ಆಲೂಗಡ್ಡೆ ಬೆಳೆ ನಾಶದಿಂದ ಐರ್ಲೆಂಡಿನಲ್ಲಿ ಮಹಾಕ್ಷಾಮ ತಲೆದೋರಿದಾಗ ಕಾರಿಗನ್ ಸರ್ಕಾರದ ಕೇಂದ್ರ ಆರೋಗ್ಯ ಮಂಡಳಿಯ ಸದಸ್ಯನಾಗಿದ್ದ. ಜ್ವರಪೀಡಿತರ ಶುಶ್ರೂಷೆಗೆ ಹೋದ ಅನೇಕ ವೈದ್ಯರು ತಾವೇ ಸೋಂಕಿಗೆ ಬಲಿಯಾಗುತ್ತಿದ್ದ ಕಾಲವದು. ಅಂಥವರಿಗೆ ಮಂಡಳಿ ಗೊತ್ತುಮಾಡಿದ ಸಂಭಾವನೆ ದಿನಕ್ಕೆ ಐದು ಷಿಲಿಂಗ್. ವೈದ್ಯರ ಅಸಮಾಧಾನ ಕಾರಿಗನ್ ಮೇಲೆ ತಿರುಗಿತು. ಅದು ನ್ಯಾಯವಾದ ಅಸಮಾಧಾನವೇ. 1847ರಲ್ಲಿ ವೈದ್ಯರ ರಾಜ ಕಾಲೇಜು ಈತನ ಗೌರವ ಸದಸ್ಯತ್ವವನ್ನು ಮತದಿಂದ ತಿರಸ್ಕರಿಸಿತು.

ಐವತ್ತು ದಾಟಿದ ಮೇಲೆ, 1855ರಲ್ಲಿ, ಹೊಸಬರಂತೆ ಪರೀಕ್ಷೆಗೆ ಕುಳಿತು ಕಾರಿಗನ್ ಆ ಸಂಸ್ಥೆಯನ್ನು ಪ್ರವೇಶಿಸಿದ. 1859ರಲ್ಲಿ ಅದರ ಅಧ್ಯಕ್ಷನಾದ ಮೊದಲ ಕ್ಯಾಥೊಲಿಕನೆನಿಸಿ, ಸತತ ಐದು ವರ್ಷ ಆ ಸ್ಥಾನದಲ್ಲಿದ್ದ. 1866ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತು. 1870ರಿಂದ 1874ರವರೆಗೆ ಡಬ್ಲಿನ್ನಿನ ಪ್ರತಿನಿಧಿಯಾಗಿ ಬ್ರಿಟಿಷ್ ಸಂಸತ್ತಿನಲ್ಲಿದ್ದ.

1880ರ ಫೆಬ್ರವರಿ 1ರಂದು ಡಬ್ಲಿನ್ನಿನಲ್ಲಿ ನಿಧನನಾದ. ಶಿಲ್ಪಿ ಜಾನ್ ಹೆನ್ರಿ ಫೋಲಿ ಕಡೆದ ಈತನ ಪ್ರತಿಮೆ ಅದೇ ರಾಜ ಕಾಲೇಜಿನಲ್ಲಿದೆ.