ಚೀನಿ ಅಕ್ಷರ ಕಲಿತ ಸ್ವಾಮಿ: ಮತ್ತೇಯೊ ರಿಚ್ಚಿ

ನಮ್ಮ ಧರ್ಮಕೇಂದ್ರದ ಹೆಣ್ಣುಮಕ್ಕಳಲ್ಲಿ ಕೆಲವರು ನರ್ಸಿಂಗ್ ಮುಗಿಸಿ ಈಗ ಜರ್ಮನ್ ಕಲಿಯುತ್ತಿದ್ದಾರೆ. ಬಿ1 ಆಯಿತು, ಬಿ2 ಒಂದು ಸಲ ಕೈಕೊಟ್ಟಿತು, ಮತ್ತೆ ಫೀಸು ಕಟ್ಟಬೇಕು ಎಂಬ ಮಾತು ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸಕ್ಕೆ ಇಂಗ್ಲಿಷು, ಈಗ ಇದೊಂದು. ಇಷ್ಟು ವಯಸ್ಸಾದ ಮೇಲೆ ಹೊಸ ಭಾಷೆ ತಲೆಗೆ ಹತ್ತುತ್ತದೆಯೇ ಎಂದು ಒಬ್ಬ ತಾಯಿ ಕೇಳಿದರು. ಆಗ ನನಗೆ ನೆನಪಾದವರು ಇಟಲಿಯ ಯೇಸುಸಭೆಯ ಗುರು ಮತ್ತೇಯೊ ರಿಚ್ಚಿ. ಮೂವತ್ತರ ಹೊಸ್ತಿಲಲ್ಲಿ ಚೀನಿ ಭಾಷೆಯ ಮೊದಲ ಅಕ್ಷರ ಬರೆದ ಅವರು, ಮುಂದೆ ಚೀನಾದ ಪಂಡಿತರೇ ಮನೆಗೆ ಬಂದು ಓದುವಂಥ ಪುಸ್ತಕಗಳನ್ನು ಆ ಭಾಷೆಯಲ್ಲಿ ಬರೆದರು.

ರಿಚ್ಚಿಯವರು ಹುಟ್ಟಿದ್ದು 1552ರ ಅಕ್ಟೋಬರ್ 6ರಂದು, ಇಟಲಿಯ ಮಾಚೆರಾತ ಎಂಬ ಊರಿನಲ್ಲಿ. ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 3ರಂದು, ಚೀನಾದ ಕರಾವಳಿಯ ಪುಟ್ಟ ದ್ವೀಪವೊಂದರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರು ಒಳನಾಡಿಗೆ ಕಾಲಿಡಲಾಗದೆ ತೀರಿಕೊಂಡರು. ರಿಚ್ಚಿಯವರ ತಂದೆ ಔಷಧ ವ್ಯಾಪಾರಿ. ಮಗ ಕಾನೂನು ಓದಿ ದೊಡ್ಡ ಹುದ್ದೆ ಹಿಡಿಯಲಿ ಎಂದು ರೋಮಿಗೆ ಕಳಿಸಿದರು. ಮಗನೋ 1571ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಯೇಸುಸಭೆ ಸೇರಿಬಿಟ್ಟರು. ಸಿಟ್ಟಾದ ತಂದೆ ಮಗನನ್ನು ಹಿಂದಕ್ಕೆ ಕರೆತರಲು ಹೊರಟರು. ದಾರಿಯಲ್ಲಿ ಜ್ವರ ಬಂತು. ಇದು ದೇವರ ಚಿತ್ತವೇ ಇರಬೇಕು ಎಂದುಕೊಂಡು ಮನೆಗೆ ಮರಳಿದರು.

ರೋಮಿನಲ್ಲಿ ಕ್ಲಾವಿಯುಸ್ ಎಂಬ ದೊಡ್ಡ ಗಣಿತಜ್ಞರ ಕೈಕೆಳಗೆ ಓದಿ, ರಿಚ್ಚಿಯವರು 1578ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಸೆಪ್ಟೆಂಬರ್ 13ರಂದು ಗೋವಾಕ್ಕೆ ಬಂದಿಳಿದರು. ನಮ್ಮ ದೇಶದಲ್ಲಿ ಅವರು ಸುಮಾರು ಮೂರೂವರೆ ವರ್ಷ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಗೋವಾ ಮತ್ತು ಕೊಚ್ಚಿಯಲ್ಲಿ ಹುಡುಗರಿಗೆ ಲತೀನ್, ಗ್ರೀಕ್ ಕಲಿಸಿದರು. ಕಾಯಿಲೆಯಿಂದ ನರಳಿದರು. 1580ರ ಜುಲೈಯಲ್ಲಿ ಕೊಚ್ಚಿಯಲ್ಲೇ ಗುರುದೀಕ್ಷೆ ಪಡೆದರು.

ಗೋವಾದಲ್ಲಿ ಆಗ ಒಂದು ತೀರ್ಮಾನವಾಗಿತ್ತು. ನಾಡಿನ ಹುಡುಗರಿಗೆ ತತ್ವಶಾಸ್ತ್ರ, ದೈವಶಾಸ್ತ್ರ ಕಲಿಸುವುದು ಬೇಡ, ಕಲಿತರೆ ಸೊಕ್ಕು ಬರುತ್ತದೆ, ಬಡ ಊರುಗಳಲ್ಲಿ ಸೇವೆ ಮಾಡುವುದಿಲ್ಲ ಎಂಬುದು ಅದರ ಸಾರ. ಇನ್ನೂ ಮೂವತ್ತು ತುಂಬದ ರಿಚ್ಚಿ ಸ್ವಾಮಿಯವರು 1581ರಲ್ಲಿ ರೋಮಿನ ತಮ್ಮ ಮಹಾಮುಖ್ಯಸ್ಥರಿಗೇ ಪತ್ರ ಬರೆದು ಇದನ್ನು ವಿರೋಧಿಸಿದರು. ಯೂರೋಪಿನವರು ಓದಿ ಸೊಕ್ಕಿದರೆ ಓದು ನಿಲ್ಲಿಸುತ್ತೀರಾ, ಇವರಿಗೆ ಮಾತ್ರ ಯಾಕೆ ಈ ನಿಯಮ ಎಂಬ ಧಾಟಿ ಅವರದು. ಚೀನಾದಲ್ಲಿ ಅವರು ಮಾಡಿದ್ದೆಲ್ಲದರ ಬೀಜ ಈ ಪತ್ರದಲ್ಲಿದೆ ಎಂದು ನನಗೆ ಅನಿಸುತ್ತದೆ. ಎದುರಿಗಿರುವವರ ಬುದ್ಧಿ ತನ್ನ ಬುದ್ಧಿಗೆ ಸಮ ಎಂದು ನಂಬದವನು ಅವರ ಭಾಷೆಯನ್ನು ಮನಸ್ಸಿಟ್ಟು ಕಲಿಯಲಾರ.

1582ರ ಆಗಸ್ಟಿನಲ್ಲಿ ಅವರು ಪೋರ್ಚುಗೀಸರ ಮಕಾವ್ ಬಂದರಿಗೆ ಬಂದರು. ಅಲ್ಲಿ ಮೂರು ವರ್ಷದಿಂದ ಮಿಕೇಲೆ ರುಗ್ಗೇರಿ ಸ್ವಾಮಿಯವರು ಒಬ್ಬರೇ ಚೀನಿ ಭಾಷೆಯೊಂದಿಗೆ ಗುದ್ದಾಡುತ್ತಿದ್ದರು. ಏಷ್ಯಾದ ಮೇಲ್ವಿಚಾರಕರಾಗಿದ್ದ ವಲಿಞ್ಞಾನೊ ಸ್ವಾಮಿಯವರ ಆಜ್ಞೆ ಅದು: ಚೀನಾಕ್ಕೆ ಹೋಗುವವನು ಮೊದಲು ಅವರ ಮಾತು, ಓದು, ಬರಹ ಮೂರನ್ನೂ ಕಲಿಯಬೇಕು. ಮಕಾವಿನ ಉಳಿದ ಗುರುಗಳಿಗೆ ಇದು ಕಾಲಹರಣವಾಗಿ ಕಂಡಿತ್ತು. ಮಕಾವಿನ ಬೀದಿಯಲ್ಲಿ ಕೇಳುವ ಮಾತು ಬೇರೆ, ದೇಶದ ಅಧಿಕಾರಿಗಳು ಆಡುವ ಮಾತು ಬೇರೆ. ಅಧಿಕಾರಿಗಳ ಭಾಷೆ ಬಲ್ಲವನಿಗೆ ಪೋರ್ಚುಗೀಸ್ ಬಾರದು, ಪೋರ್ಚುಗೀಸ್ ಬಲ್ಲ ದುಭಾಷಿಗೆ ಅಕ್ಷರ ಬಾರದು. ಕೊನೆಗೆ ರುಗ್ಗೇರಿಯವರಿಗೆ ಸಿಕ್ಕ ಮೇಷ್ಟ್ರು ಒಬ್ಬ ಚಿತ್ರಕಾರ. ಆತ ಕುದುರೆಯ ಚಿತ್ರ ಬರೆದು, ಪಕ್ಕದಲ್ಲಿ ಅದರ ಅಕ್ಷರ ಬರೆದು, ಬಾಯಲ್ಲಿ ಉಚ್ಚರಿಸಿ ತೋರಿಸುತ್ತಿದ್ದ. ಅಂಗನವಾಡಿ ಮಕ್ಕಳಿಗೆ ಹೇಳಿಕೊಡುವ ರೀತಿಯೇ.

ಆ ಭಾಷೆಯ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀನಿಯಲ್ಲಿ ನಮ್ಮ ಹಾಗೆ ವಿಭಕ್ತಿ ಇಲ್ಲ, ಲಿಂಗ ವಚನಗಳ ಕಾಟ ಇಲ್ಲ, ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಹತ್ತುವುದಿಲ್ಲ. ಅಷ್ಟರಮಟ್ಟಿಗೆ ಸುಲಭ. ಆದರೆ ದನಿಯ ಏರಿಳಿತದಲ್ಲಿ ಅರ್ಥವೇ ಬದಲಾಗುತ್ತದೆ. ಇಂದಿನ ಬೀಜಿಂಗ್ ಮಾತಿನಲ್ಲಿ ‘ಮಾ’ ಎಂಬುದನ್ನು ಒಂದೇ ಎತ್ತರದಲ್ಲಿ ಎಳೆದರೆ ಅಮ್ಮ, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಗುಳ. ಇದರ ಜೊತೆಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ. ಕ-ಖ, ತ-ಥ, ಪ-ಫ ಎಂದು ಬಾಲ್ಯದಲ್ಲೇ ತಿದ್ದಿದ ನಮಗೆ ಇದು ಒಂದು ಸಂಗತಿಯೇ ಅಲ್ಲ. ಇಟಲಿಯವರ ಕಿವಿಗೆ ಅದು ಕೇಳಿಸುವುದೇ ಇಲ್ಲ. 1583ರಿಂದಾಚೆಗೆ ರಿಚ್ಚಿ ಮತ್ತು ರುಗ್ಗೇರಿ ಇಬ್ಬರೂ ಸೇರಿ ಒಂದು ನಿಘಂಟು ಕಟ್ಟಿದರು. ಪೋರ್ಚುಗೀಸ್ ಪದ, ಅದರ ಚೀನಿ ಉಚ್ಚಾರ ರೋಮನ್ ಅಕ್ಷರದಲ್ಲಿ, ಆಮೇಲೆ ಚೀನಿ ಅಕ್ಷರ. ಚೀನಿ ಭಾಷೆಗೆ ಯೂರೋಪಿನವರು ಮಾಡಿದ ಮೊದಲ ನಿಘಂಟು ಇದೇ. ಅದರಲ್ಲಿ ದನಿಯ ಗುರುತೂ ಇಲ್ಲ, ಮಹಾಪ್ರಾಣದ ಗುರುತೂ ಇಲ್ಲ. 1598ರಲ್ಲಿ, ಬೀಜಿಂಗಿಗೆ ಹೋಗಿ ಕೆಲಸವಾಗದೆ ಹಿಂತಿರುಗುವ ದೋಣಿಯಲ್ಲಿ, ಸಂಗೀತ ಬಲ್ಲ ಲಾಜ್ಜಾರೊ ಕತ್ತಾನೆಯೊ ಸ್ವಾಮಿಯವರ ಕಿವಿಯ ನೆರವಿನಿಂದ ಐದು ದನಿಗಳಿಗೂ ಮಹಾಪ್ರಾಣಕ್ಕೂ ಗುರುತುಗಳನ್ನು ಗೊತ್ತುಮಾಡಿದರು. ಅಷ್ಟು ಹೊತ್ತಿಗೆ ರಿಚ್ಚಿಯವರು ಚೀನಾಕ್ಕೆ ಬಂದು ಹದಿನಾರು ವರ್ಷವಾಗಿತ್ತು.

1583ರ ಸೆಪ್ಟೆಂಬರಿನಲ್ಲಿ ಇಬ್ಬರಿಗೂ ಜಾವೋಚಿಂಗ್ ಎಂಬ ಊರಲ್ಲಿ ನೆಲೆಸಲು ಅನುಮತಿ ಸಿಕ್ಕಿತು. ಅಲ್ಲಿ ನಡೆದದ್ದೊಂದು ನನಗೆ ಬಹಳ ಇಷ್ಟ. ದೇವರಿಗೆ ಚೀನಿಯಲ್ಲಿ ಏನೆನ್ನಬೇಕು ಎಂದು ಗುರುಗಳು ತಲೆಕೆಡಿಸಿಕೊಂಡಿದ್ದಾಗ, ಧರ್ಮೋಪದೇಶ ಕೇಳುತ್ತಿದ್ದ ಊರಿನ ಯುವಕನೊಬ್ಬ ತನ್ನ ಮನೆಯ ಗೋಡೆಗೆ ಎರಡು ಅಕ್ಷರ ಬರೆದು ತೂಗುಹಾಕಿದ್ದ. ತಿಯನ್ ಜು, ಅಂದರೆ ಪರಲೋಕದ ಒಡೆಯ. ಗುರುಗಳು ಅದನ್ನೇ ತೆಗೆದುಕೊಂಡರು. ಇಂದಿಗೂ ಚೀನಾದ ಕಥೋಲಿಕರು ದೇವರನ್ನು ಕರೆಯುವುದು ಆ ಹೆಸರಿನಿಂದ.

ರುಗ್ಗೇರಿಯವರ ಪಾಲಿಗೆ ಮಾತ್ರ ಕಹಿಯೇ ಬಂತು. ಅವರ ವಯಸ್ಸು ಹೆಚ್ಚಾಯಿತು, ಉಚ್ಚಾರ ಸರಿಯಿಲ್ಲ ಎಂದು ಮೇಲಿನವರಿಗೆ ಅನಿಸಿತು. 1588ರಲ್ಲಿ ಅವರನ್ನು ಕೆಲಸದ ಮೇಲೆ ಯೂರೋಪಿಗೆ ಕಳಿಸಿದರು. ಮತ್ತೆ ಚೀನಾ ನೋಡಲಿಲ್ಲ. ಒಬ್ಬರೇ ಕೂತು ಮೊದಲ ಅಕ್ಷರ ಕಲಿತವರು ಅವರು. ಚೀನಿಯಲ್ಲಿ ಪದ್ಯ ಕೂಡ ಬರೆದಿದ್ದರು.

ರಿಚ್ಚಿಯವರ ಹಾದಿಯೂ ಹೂವಿನದಲ್ಲ. 1589ರಲ್ಲಿ ಜಾವೋಚಿಂಗಿನಿಂದ ಹೊರಹಾಕಿದರು. ಶಾವೋಜೌ ಎಂಬ ಊರಿಗೆ ಹೋದರು. ಅಲ್ಲಿ ಜೊತೆಗಿದ್ದ ಇಬ್ಬರು ಯುವ ಗುರುಗಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. 1592ರಲ್ಲಿ ರಾತ್ರಿ ಕಳ್ಳರು ನುಗ್ಗಿದಾಗ ಕಿಟಕಿಯಿಂದ ಹಾರಿ ಕಾಲು ಉಳುಕಿತು. ಆ ಕಾಲು ಮುಂದೆ ಸರಿಯಾಗಲೇ ಇಲ್ಲ. ಈ ದಿನಗಳಲ್ಲೇ ಅವರು ಕನ್ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳನ್ನು ಲತೀನಿಗೆ ತರುತ್ತಿದ್ದರು, ಹೊಸದಾಗಿ ಬರುವ ಗುರುಗಳಿಗೆ ಪಾಠಪುಸ್ತಕವಾಗಲಿ ಎಂದು. ಮೊದಲ ಹನ್ನೆರಡು ವರ್ಷ ಅವರು ಬೌದ್ಧ ಭಿಕ್ಷುಗಳ ಹಾಗೆ ತಲೆ ಬೋಳಿಸಿ, ಅವರ ನಿಲುವಂಗಿ ತೊಟ್ಟಿದ್ದರು. ಚೀನಾದ ಓದಿದವರಲ್ಲಿ ಭಿಕ್ಷುಗಳಿಗೆ ಅಂಥ ಮರ್ಯಾದೆಯಿಲ್ಲ ಎಂದು ಗೆಳೆಯನೊಬ್ಬ ತಿಳಿಹೇಳಿದ ಮೇಲೆ, 1595ರಲ್ಲಿ ಗಡ್ಡ ಬಿಟ್ಟು ಪಂಡಿತರ ರೇಷ್ಮೆ ಉಡುಪು ತೊಟ್ಟರು. ಆದರೆ ಬೌದ್ಧರ ಗ್ರಂಥಗಳನ್ನು ಅವರು ಕನ್ಫ್ಯೂಷಿಯಸ್ ಗ್ರಂಥಗಳಷ್ಟು ಪ್ರೀತಿಯಿಂದ ಓದಲಿಲ್ಲ. ಆ ವಿಷಯದಲ್ಲಿ ಅವರ ಬರಹ ಕಟುವಾಗಿದೆ. ಇದೊಂದು ಕೊರತೆ ಎಂದೇ ನನ್ನ ಭಾವನೆ.

ಅದೇ ವರ್ಷ ನಾನ್‌ಚಾಂಗ್ ನಗರಕ್ಕೆ ಬಂದರು. ಅದು ಪರೀಕ್ಷೆಯ ಊರು. ಚೀನಾದಲ್ಲಿ ಸರ್ಕಾರಿ ಹುದ್ದೆ ಬೇಕಾದವನು ಪರೀಕ್ಷೆ ಪಾಸಾಗಬೇಕಿತ್ತು. ಮೊದಲು ಊರು ಜಿಲ್ಲೆಯ ಮಟ್ಟ, ಆಮೇಲೆ ಮೂರು ವರ್ಷಕ್ಕೊಮ್ಮೆ ಪ್ರಾಂತ್ಯದ ರಾಜಧಾನಿಯಲ್ಲಿ, ಕೊನೆಗೆ ಬೀಜಿಂಗಿನಲ್ಲಿ. ಅಭ್ಯರ್ಥಿಯನ್ನು ಒಬ್ಬೊಬ್ಬನೇ ಕೂರುವ ಸಣ್ಣ ಗೂಡಿಗೆ ಹಾಕುತ್ತಿದ್ದರು. ಕೈಬರಹ ಗುರುತು ಸಿಗಬಾರದೆಂದು ಉತ್ತರವನ್ನು ಗುಮಾಸ್ತರು ನಕಲು ಮಾಡಿ, ಹೆಸರು ಮುಚ್ಚಿ, ಪರೀಕ್ಷಕರಿಗೆ ಕೊಡುತ್ತಿದ್ದರು. ಗ್ರಂಥಗಳೆಲ್ಲ ಬಾಯಿಪಾಠ ಇರಬೇಕು. ತಲೆ ನರೆಯುವವರೆಗೂ ಬರೆಯುತ್ತಿದ್ದವರಿದ್ದರು. ಇಂದು ಚೀನಿ ಕಲಿಯುವ ಪರದೇಶಿಗಳು ಬರೆಯುವ ಎಚ್‌ಎಸ್‌ಕೆ ಪರೀಕ್ಷೆ ಇದರ ಮುಂದೆ ಮಕ್ಕಳಾಟ.

ಅಲ್ಲೊಂದು ಕೂಟದಲ್ಲಿ ರಿಚ್ಚಿಯವರು, ಗೊತ್ತುಗುರಿಯಿಲ್ಲದೆ ನೂರಾರು ಅಕ್ಷರ ಬರೆದುಕೊಡಿ ಎಂದರು. ಒಂದೇ ಸಲ ಓದಿ ಎಲ್ಲವನ್ನೂ ಒಪ್ಪಿಸಿದರು. ಆಮೇಲೆ ಕೊನೆಯಿಂದ ಮೊದಲಿಗೆ ಒಪ್ಪಿಸಿದರು. ನಮ್ಮ ಅವಧಾನಿಗಳನ್ನು ನೋಡಿದವರಿಗೆ ಇದರ ಬಗೆ ತಿಳಿಯುತ್ತದೆ. ಊರೆಲ್ಲ ಸುದ್ದಿಯಾಯಿತು. ಮೂವರು ಗಂಡುಮಕ್ಕಳನ್ನು ಪರೀಕ್ಷೆಗೆ ಕಟ್ಟಿಸುತ್ತಿದ್ದ ಪ್ರಾಂತ್ಯದ ರಾಜ್ಯಪಾಲರು ಈ ವಿದ್ಯೆ ನಮ್ಮ ಮಕ್ಕಳಿಗೂ ಹೇಳಿಕೊಡಿ ಎಂದರು. ಅವರಿಗಾಗಿ 1596ರಲ್ಲಿ ರಿಚ್ಚಿಯವರು ಚೀನಿಯಲ್ಲೇ ಒಂದು ಸಣ್ಣ ಪುಸ್ತಕ ಬರೆದರು.

ವಿಧಾನ ಇಷ್ಟೇ. ಮನಸ್ಸಿನಲ್ಲಿ ಒಂದು ಮನೆ ಕಟ್ಟಿಕೊಳ್ಳಿ, ಪಡಸಾಲೆ, ಕೋಣೆ, ಮೂಲೆ ಎಲ್ಲ ಗೊತ್ತಿರಲಿ. ಪ್ರತಿ ಅಕ್ಷರವನ್ನು ಒಂದು ಚಿತ್ರ ಮಾಡಿ ಒಂದೊಂದು ಮೂಲೆಯಲ್ಲಿಡಿ. ಬೇಕಾದಾಗ ಆ ಮನೆಯೊಳಗೆ ನಡೆದು ಹೋಗಿ ಎತ್ತಿಕೊಳ್ಳಿ. ‘ಒಳ್ಳೆಯದು’ ಎಂಬ ಅಕ್ಷರದಲ್ಲಿ ಹೆಣ್ಣು ಮತ್ತು ಮಗು ಇದ್ದಾರೆ, ಹಾಗಾಗಿ ಮಗುವನ್ನೆತ್ತಿಕೊಂಡ ಹೆಂಗಸು. ‘ಲಾಭ’ ಎಂಬ ಅಕ್ಷರದಲ್ಲಿ ಪೈರು ಮತ್ತು ಕತ್ತಿ, ಹಾಗಾಗಿ ಕುಡುಗೋಲು ಹಿಡಿದು ಪೈರು ಕೊಯ್ಯುವ ರೈತ. ಈ ಎರಡನೆಯದರ ಉಚ್ಚಾರ ‘ಲೀ’. ರಿಚ್ಚಿ ಎಂಬುದರ ಬದಲಿಗೆ ಅವರು ಚೀನಾದಲ್ಲಿ ಇಟ್ಟುಕೊಂಡ ಮನೆತನದ ಹೆಸರೂ ಅದೇ ಅಕ್ಷರ: ಲೀ ಮಾದೌ. ರಾಜ್ಯಪಾಲರ ಹಿರಿಮಗ ಪುಸ್ತಕ ಓದಿ ನೋಡಿದ. ನಿಯಮಗಳೇನೋ ಚೆನ್ನಾಗಿವೆ, ಆದರೆ ಇವನ್ನು ಬಳಸುವುದಕ್ಕೇ ಒಳ್ಳೆಯ ನೆನಪಿನ ಶಕ್ತಿ ಬೇಕಲ್ಲ ಎಂದುಬಿಟ್ಟ. ಹುಡುಗ ಹೇಳಿದ್ದು ನಿಜವೇ. ಇದನ್ನು ರಿಚ್ಚಿಯವರೇ ಬೇಸರವಿಲ್ಲದೆ ಊರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ.

ಆ ಪತ್ರಗಳಲ್ಲಿ ಇನ್ನೊಂದು ಮಾತು ಪದೇ ಪದೇ ಬರುತ್ತದೆ. ತನ್ನ ಇಟಾಲಿಯನ್ ಕೆಟ್ಟುಹೋಗಿದೆ, ಪದಗಳು ಸಿಗುತ್ತಿಲ್ಲ, ಕ್ಷಮಿಸಿ ಎಂದು. ಬರಹದ ನಡುವೆ ಪೋರ್ಚುಗೀಸ್, ಸ್ಪ್ಯಾನಿಷ್ ಪದ ನುಸುಳುತ್ತವೆ. ಗಡಿಯ ಈಚೆ ಇರುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆಂಗಳೂರಿನ ನೆಂಟರ ಮುಂದೆ ಬಾಯಿ ಬಿಟ್ಟರೆ ತಮಿಳು ಬೆರೆಯಿತೆಂದು ಅವರು ನಗುವುದು ನಮಗೆಲ್ಲ ಅಭ್ಯಾಸವಾಗಿದೆ. ಒಂದು ಭಾಷೆಯಲ್ಲಿ ಪಂಡಿತನಾದ ಮನುಷ್ಯ ತಾಯಿಯ ಭಾಷೆಯಲ್ಲಿ ತೊದಲಿದ್ದನ್ನು ಓದುವಾಗ ನನಗೆ ಸಂಕಟವಾಯಿತು. ಅವರು ಮತ್ತೆಂದೂ ಇಟಲಿಗೆ ಹೋಗಲಿಲ್ಲ.

1601ರ ಜನವರಿಯಲ್ಲಿ ಅವರು ಬೀಜಿಂಗಿಗೆ ಬಂದು ನೆಲೆಸಿದರು. ವಾನ್‌ಲೀ ಚಕ್ರವರ್ತಿಗೆ ಕೊಟ್ಟ ಗಂಟೆ ಹೊಡೆಯುವ ಗಡಿಯಾರಗಳು ಅರಮನೆಯಲ್ಲಿ ಮೆಚ್ಚುಗೆ ಪಡೆದವು. ಚಕ್ರವರ್ತಿಯ ಮುಖವನ್ನು ಮಾತ್ರ ಅವರು ಒಮ್ಮೆಯೂ ನೋಡಲಿಲ್ಲ. 1602ರಲ್ಲಿ ದೊಡ್ಡ ಲೋಕ ನಕಾಶೆ, 1603ರಲ್ಲಿ ಧರ್ಮವಿಚಾರದ ಪ್ರಸಿದ್ಧ ಗ್ರಂಥ ಅಚ್ಚಾದವು.

ಅವರ ಆಪ್ತರಲ್ಲಿ ಷೂ ಗ್ವಾಂಗ್‌ಚಿ ಎಂಬವರು ಶಾಂಘೈ ಕಡೆಯವರು. ಮೊದಲ ಮಟ್ಟದ ಪರೀಕ್ಷೆ ಪಾಸಾದದ್ದು 1581ರಲ್ಲಿ. ಪ್ರಾಂತ್ಯದ ಪರೀಕ್ಷೆಯಲ್ಲಿ ಹಲವು ಸಲ ನಪಾಸಾಗಿ, 1597ರಲ್ಲಿ ಪಾಸಾದರು. ಆ ಸಲವೂ ತಳ್ಳಿಹಾಕಿದ್ದ ಅವರ ಉತ್ತರವನ್ನು ಮುಖ್ಯ ಪರೀಕ್ಷಕರೇ ಹುಡುಕಿ ತೆಗೆದು ಮೊದಲ ಸ್ಥಾನ ಕೊಟ್ಟರಂತೆ. 1603ರಲ್ಲಿ ನಾನ್‌ಜಿಂಗಿನಲ್ಲಿ ಪೌಲ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದರು. ಮರುವರ್ಷ ಬೀಜಿಂಗಿನ ಕೊನೆಯ ಪರೀಕ್ಷೆಯೂ ಆಯಿತು. ಆಗ ಅವರಿಗೆ ನಲವತ್ತೆರಡು ವರ್ಷ. ಈ ಇಬ್ಬರೂ ಸೇರಿ ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನಿಗೆ ತಂದರು. ರಿಚ್ಚಿಯವರು ಬಾಯಲ್ಲಿ ಹೇಳುವುದು, ಷೂ ಬರೆದುಕೊಳ್ಳುವುದು, ಮತ್ತೆ ತಿದ್ದುವುದು, ಹೀಗೆ ಮೂರು ಸಲ ತಿದ್ದಿ 1607ರಲ್ಲಿ ಅಚ್ಚಿಗೆ ಕೊಟ್ಟರು. ರೇಖಾಗಣಿತಕ್ಕೆ ಅವರು ಇಟ್ಟ ‘ಜೀಹ’ ಎಂಬ ಹೆಸರನ್ನೇ ಚೀನಾದ ಶಾಲಾಮಕ್ಕಳು ಇಂದಿಗೂ ಹೇಳುತ್ತಾರೆ. ಅದೇ ವರ್ಷ ತಂದೆ ತೀರಿಕೊಂಡ ಕಾರಣ ಷೂ ಅವರು ಸೂತಕ ಆಚರಿಸಲು ಊರಿಗೆ ಹೋದರು. ಗುರುವನ್ನು ಮತ್ತೆ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

1610 ಪರೀಕ್ಷೆಯ ವರ್ಷ. ದೇಶದ ಮೂಲೆಮೂಲೆಯಿಂದ ಸಾವಿರಾರು ಅಭ್ಯರ್ಥಿಗಳು ಬೀಜಿಂಗಿಗೆ ಬಂದಿದ್ದರು. ಲೀ ಮಾದೌ ಅವರ ಪುಸ್ತಕ ಓದಿದವರು, ನಕಾಶೆ ಕಂಡವರು, ಬರೀ ಹೆಸರು ಕೇಳಿದವರು, ಎಲ್ಲರೂ ಬಾಗಿಲಿಗೆ ಬರತೊಡಗಿದರು. ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸದೆ ಕಳಿಸುವುದು ಅಲ್ಲಿನ ರೀತಿಯಲ್ಲ. ಆಮೇಲೆ ಅವರವರ ಬಿಡಾರಕ್ಕೆ ಹೋಗಿ ಮರುಭೇಟಿ ಕೊಡಬೇಕು. ತಪಸ್ಸುಕಾಲದ ಉಪವಾಸ ಬೇರೆ, ಹೊಸ ದೇವಾಲಯ ಕಟ್ಟುವ ಕೆಲಸ ಬೇರೆ. ಮೇ 3ರಂದು ತಲೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಮೇ 11ರ ಸಂಜೆ ತೀರಿಕೊಂಡರು. ವಯಸ್ಸು 57. ಆ ಹೊತ್ತಿಗೆ ಚೀನಾದಲ್ಲಿ ಸುಮಾರು 2,500 ಕ್ರೈಸ್ತರಿದ್ದರು.

ಅವರು ಒಪ್ಪಿಕೊಂಡಿದ್ದ ಪಿತೃಗಳಿಗೆ ನಮಿಸುವ ಆಚರಣೆಗಳ ಬಗ್ಗೆ ಮುಂದೆ ಧರ್ಮಸಭೆಯಲ್ಲಿ ದೊಡ್ಡ ವಿವಾದವೆದ್ದು 1742ರಲ್ಲಿ ಕಟ್ಟುನಿಟ್ಟಿನ ನಿಷೇಧವಾಯಿತು. ಅದು ಸಡಿಲವಾದದ್ದು 1939ರಲ್ಲಿ. ಜಗದ್ಗುರು ಫ್ರಾನ್ಸಿಸರು 2022ರ ಡಿಸೆಂಬರ್ 17ರಂದು ರಿಚ್ಚಿಯವರನ್ನು ಪೂಜ್ಯರೆಂದು ಅಂಗೀಕರಿಸಿದರು.

ಪರದೇಶದವರು ಸತ್ತರೆ ಮಕಾವಿಗೆ ಒಯ್ದು ಹೂಳುವುದು ಅಂದಿನ ವಾಡಿಕೆ. ಜೊತೆಯ ಗುರುಗಳು ಚೀನಿಯಲ್ಲೇ ಮನವಿ ಬರೆದು ಚಕ್ರವರ್ತಿಗೆ ಒಪ್ಪಿಸಿದರು. ಬೀಜಿಂಗಿನ ಕೋಟೆಯ ಪಶ್ಚಿಮ ಬಾಗಿಲಿನ ಹೊರಗೆ ಜಾಗ ಸಿಕ್ಕಿತು. ಸಮಾಧಿ ಈಗಲೂ ಅಲ್ಲಿದೆ. ಎರಡು ಸಲ ಕೆಡವಿದ್ದನ್ನು ಮತ್ತೆ ನಿಲ್ಲಿಸಿದ್ದಾರೆ. ಕಲ್ಲಿನ ಮೇಲೆ ಅವರ ಬದುಕಿನ ನಾಲ್ಕು ಸಾಲು ಲತೀನಿನಲ್ಲೂ ಇದೆ, ಚೀನಿಯಲ್ಲೂ ಇದೆ.