ಕೀಲಿ ತೆರೆಯುವ ವಿಜ್ಞಾನಿ: ರಿಚರ್ಡ್ ಫೈನ್‌ಮನ್

ವಾಚಕರು ಮೊದಲು ನನ್ನ ಟ್ರಂಕಿನ ಕಥೆಯನ್ನು ಕೇಳಬೇಕು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ಹೀಗೆ ನಾಲ್ಕು ತಾಲೂಕುಗಳ ನಾಲ್ವರು ನಾವು ಒಂದೇ ಬಾಡಿಗೆ ಖೋಲಿಯಲ್ಲಿ ಇರುತ್ತೇವೆ. ನಾನು ಹಾನಗಲ್ಲ ಕಡೆಯವನು. ಕಾಲೇಜಿಗೆ ಹೊರಡುವಾಗ ಅಪ್ಪ ಸಂತೆಯಲ್ಲಿ ಒಂದು ಟ್ರಂಕನ್ನೂ ಅದಕ್ಕೊಂದು ನಂಬರ್ ಕೀಲಿಯನ್ನೂ ಕೊಡಿಸಿದನು. ಕೀಲಿಕೈ ಇಲ್ಲದ ಕೀಲಿ, ಕಳೆಯುವ ಭಯವಿಲ್ಲ ಎಂಬುದು ಅಪ್ಪನ ವಿಚಾರ. ಓದು ಬಾರದ ಅಪ್ಪನಿಗೆ ಅಂಕೆಗಳು ಮಾತ್ರ ಚೆನ್ನಾಗಿ ಗೊತ್ತು. ಆ ಟ್ರಂಕಿನಲ್ಲಿ ನನ್ನ ಅಂಕಪಟ್ಟಿಗಳು, ಹೊಲದ ಉತಾರ, ಪರೀಕ್ಷಾ ಫೀಗಾಗಿ ಅವ್ವ ಕೂಡಿಸಿ ಕೊಟ್ಟ ಹಣ ಇವೆಲ್ಲ ಇದ್ದವು. ಒಂದು ಸಂಜೆ ಸವಣೂರಿನ ಗೆಳೆಯನು ಮಾತಾಡುತ್ತ ಕುಳಿತವನು ಕೀಲಿಯ ಕೊಂಡಿಯನ್ನು ಒಂದು ಕೈಯಿಂದ ಜಗ್ಗಿ ಹಿಡಿದು, ಇನ್ನೊಂದು ಕೈಯಿಂದ ಗಾಲಿಗಳನ್ನು ತಿರುವುತ್ತಿದ್ದನು. ಚಹಾ ಆರುವದರೊಳಗೆ ಕೀಲಿ ಅವನ ಕೈಯಲ್ಲಿ ಬಿಚ್ಚಿಕೊಂಡಿತು. ಒಂದು ಪೈಯೂ ಹೋಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಪ್ರಸಂಗವನ್ನು ನಮ್ಮ ಅಧ್ಯಾಪಕರೊಬ್ಬರಿಗೆ ಹೇಳಿದಾಗ ಅವರು ನಕ್ಕು, ಫೈನ್‌ಮನ್ನನ ಚರಿತ್ರೆಯನ್ನು ಓದೆಂದರು. ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ರಿಚರ್ಡ್ ಫೈನ್‌ಮನ್ನನು 1918ನೆಯ ಇಸವಿ ಮೇ 11ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದನು. ತಂದೆ ಸಮವಸ್ತ್ರಗಳ ವ್ಯಾಪಾರದಲ್ಲಿದ್ದವನು. ಉಡುಪು ದೊಡ್ಡದಾದ ಮಾತ್ರಕ್ಕೆ ಒಳಗಿನ ಮನುಷ್ಯ ದೊಡ್ಡವನಾಗುವದಿಲ್ಲವೆಂದು ಆತನು ಮಗನಿಗೆ ಎಳೆತನದಲ್ಲಿಯೇ ಕಲಿಸಿದ್ದನು. ಹುಡುಗನು ನೆರೆಹೊರೆಯವರ ಕೆಟ್ಟ ರೇಡಿಯೋಗಳನ್ನು ರಿಪೇರಿ ಮಾಡಿ ಹೆಸರಾದನು. ಮುಂದೆ ಎಂ.ಐ.ಟಿ.ಯಲ್ಲಿ ಪದವಿ, ಪ್ರಿನ್ಸ್‌ಟನ್ನಿನಲ್ಲಿ 1942ರಲ್ಲಿ ಡಾಕ್ಟರೇಟ್. ಅದೇ ವರ್ಷ ಆರ್ಲೀನ್ ಎಂಬ ತನ್ನ ಬಾಲ್ಯದ ಗೆಳತಿಯನ್ನು ಮದುವೆಯಾದನು. ಆಕೆಗೆ ಕ್ಷಯರೋಗವಿದ್ದಿತು. ಮನೆಯವರು ಬೇಡವೆಂದರೂ ಆತನು ಕೇಳಲಿಲ್ಲ.

1943ರಲ್ಲಿ ಅಣುಬಾಂಬಿನ ಕೆಲಸಕ್ಕಾಗಿ ಆತನನ್ನು ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಎಂಬ ಗುಡ್ಡದ ಊರಿಗೆ ಕರೆದೊಯ್ದರು. ಆರ್ಲೀನಳು ಅಲ್ಬುಕರ್ಕಿಯ ಆಸ್ಪತ್ರೆಯಲ್ಲಿ. ವಾರಕ್ಕೊಮ್ಮೆ ದಾರಿಯಲ್ಲಿ ಸಿಕ್ಕವರ ಗಾಡಿ ಹತ್ತಿ ಆಕೆಯನ್ನು ನೋಡಿಬರುವದು. ಉಳಿದ ದಿನ ಲೆಕ್ಕ. ಲೋಕದ ಅತಿ ದೊಡ್ಡ ಗುಟ್ಟನ್ನು ಕಾಯುತ್ತಿದ್ದ ಆ ಊರಿನ ಕಾವಲು ಹೇಗಿದ್ದಿತು? ಬೇಲಿಯಲ್ಲಿ ಒಂದು ಕಿಂಡಿ ಇದ್ದಿತು. ಫೈನ್‌ಮನ್ನನು ಬಾಗಿಲಿನಿಂದ ಹೊರಗೆ ಹೋಗಿ ಕಿಂಡಿಯಿಂದ ಒಳಗೆ ಬಂದು, ಮತ್ತೆ ಬಾಗಿಲಿನಿಂದ ಹೊರಗೆ ಹೋದನು. ಒಳಗೆ ಬರದವನು ಮತ್ತೆ ಮತ್ತೆ ಹೊರಗೆ ಹೋಗುತ್ತಿರುವದು ಕಾವಲುಗಾರರ ಲಕ್ಷ್ಯಕ್ಕೆ ಬರಲು ಹಲವು ಸುತ್ತುಗಳು ಬೇಕಾದವು.

ಕಾಗದಪತ್ರಗಳ ಗತಿಯೂ ಹಾಗೆಯೇ. ಎಡ್ವರ್ಡ್ ಟೆಲ್ಲರನು ತನ್ನ ಮುಖ್ಯ ಗುಟ್ಟುಗಳೆಲ್ಲ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿವೆಯೆಂದು ನಂಬಿದ್ದನು. ಫೈನ್‌ಮನ್ನನು ಮೇಜಿನ ಕೆಳಗೆ ಬಗ್ಗಿ ನೋಡಿದರೆ ಹಿಂಬದಿಯಲ್ಲೊಂದು ಸಂದು. ಕೀಲಿಯನ್ನು ಮುಟ್ಟದೆಯೇ ಒಂದೊಂದಾಗಿ ಹಾಳೆಗಳನ್ನೆಲ್ಲ ಎಳೆದು ತೆಗೆದನು.

ಆ ಮೇಲೆ ಅಂಕೆಗಳ ಕೀಲಿಯುಳ್ಳ ಹೊಸ ಕಪಾಟುಗಳು ಬಂದವು. ಡಯಲಿನ ಮೇಲೆ ನೂರು ಗೆರೆ, ಮೂರು ಸಂಖ್ಯೆಗಳು. ಅಂದರೆ ಹತ್ತು ಲಕ್ಷ ಜೋಡಣೆಗಳು. ಕೇಳಿದವನು ಕೈಬಿಡಬೇಕು. ಫೈನ್‌ಮನ್ನನು ಕೀಲಿಯನ್ನು ಬಿಚ್ಚಿ ಒಳಗಿನ ತಟ್ಟೆಗಳನ್ನು ಪರೀಕ್ಷಿಸಿದನು. ಸಂಖ್ಯೆ ಎರಡು ಗೆರೆ ಆಚೆ ಈಚೆ ಆದರೂ ಕೀಲಿ ತೆರೆಯುತ್ತಿದ್ದಿತು. ಹಾಗಾದರೆ ನೂರಕ್ಕೆ ಇಪ್ಪತ್ತೇ ಸಾಕು. ಇಪ್ಪತ್ತನ್ನು ಮೂರು ಸಲ ಗುಣಿಸಿದರೆ ಎಂಟು ಸಾವಿರ. ಅದೂ ಹೆಚ್ಚೇ. ಆದರೆ ಕಪಾಟು ತೆರೆದಿರುವಾಗ ಡಯಲನ್ನು ಸುಮ್ಮನೆ ತಿರುವುತ್ತ ಚಿಲಕದ ಚಲನೆಯನ್ನು ಗಮನಿಸಿದರೆ ಕೊನೆಯ ಎರಡು ಸಂಖ್ಯೆಗಳು ತಿಳಿದುಬಿಡುವವೆಂದು ಆತನು ಕಂಡುಕೊಂಡನು. ಗೆಳೆಯರ ಕೋಣೆಗಳಲ್ಲಿ ಕಪಾಟಿಗೆ ಒರಗಿ ಹರಟುತ್ತ ಬೆರಳಾಡಿಸಿ, ತನ್ನ ಕೋಣೆಗೆ ಬಂದು ಬರೆದಿಡುವನು. ಉಳಿಯುವದು ಒಂದೇ ಸಂಖ್ಯೆ, ಇಪ್ಪತ್ತೇ ಪ್ರಯತ್ನ! ಯಾರಾದರೂ ಊರಲ್ಲಿಲ್ಲದಾಗ ಅವರ ಕಾಗದ ಬೇಕಾದರೆ ಜನ ಆತನನ್ನು ಕರೆಯುವರು. ಆತನು ಬಾಗಿಲು ಹಾಕಿಕೊಂಡು ಬೇಗನೆ ತೆರೆದು, ವಿದ್ಯೆ ಕಠಿಣವೆಂದು ತೋರಲೆಂದು ಸ್ವಲ್ಪ ಹೊತ್ತು ಪತ್ರಿಕೆ ಓದುತ್ತ ಕೂಡುವನು. ಈ ಭಾಗ ಓದಿದಾಗ ನನಗೆ ಸವಣೂರಿನ ಗೆಳೆಯನ ಮೋರೆ ಕಣ್ಮುಂದೆ ಬಂದಿತು.

ನಮ್ಮ ಅಗ್ಗದ ಕೀಲಿಯ ದೋಷವೂ ಇದೇ ಜಾತಿಯದು. ಮೂರು ಗಾಲಿ, ಸಾವಿರ ಜೋಡಣೆ. ಒಂದಕ್ಕೆ ಎರಡು ಸೆಕೆಂಡಿನಂತೆ ಎಲ್ಲವನ್ನೂ ನೋಡಿದರೂ ಮೂವತ್ತುನಾಲ್ಕು ನಿಮಿಷ ಸಾಕು. ಅಷ್ಟೂ ಬೇಡ. ಅಗ್ಗದ ಮಾಲಿನಲ್ಲಿ ಗಾಲಿಗಳು ಒಂದೇ ಸಮನಾಗಿ ಕೂತಿರುವದಿಲ್ಲ. ಕೊಂಡಿಯನ್ನು ಜಗ್ಗಿದಾಗ ಮೂರರಲ್ಲಿ ಒಂದು ಹೆಚ್ಚು ಬಿಗಿಯಾಗುತ್ತದೆ. ಅದನ್ನು ತಿರುವುತ್ತ ಹೋದರೆ ಸರಿಯಾದ ಅಂಕೆಯಲ್ಲಿ ಕೊಂಡಿ ಕೂದಲೆಳೆಯಷ್ಟು ಸಡಿಲುತ್ತದೆ. ಬಳಿಕ ಎರಡನೆಯದು, ಮೂರನೆಯದು. ಸಾವಿರವಿದ್ದದ್ದು ಮೂವತ್ತಾಯಿತು.

ಯುದ್ಧ ಮುಗಿದ ಮೇಲೆ ಆತನಿಗೆ ದ ಹಾಫ್‌ಮನ್ ಎಂಬವನ ಕಪಾಟಿನಲ್ಲಿದ್ದ ಒಂದು ಕಾಗದ ಬೇಕಾಯಿತು. ಆ ಒಂಬತ್ತು ಕಪಾಟುಗಳಲ್ಲಿ ಬಾಂಬಿನ ಸಮಗ್ರ ರಹಸ್ಯವಿದ್ದಿತು. ಗಣಿತ ಬಲ್ಲವನು ಯಾವ ಸಂಖ್ಯೆ ಇಟ್ಟಾನೆಂದು ಯೋಚಿಸಿ ಫೈನ್‌ಮನ್ನನು 27-18-28 ತಿರುವಿದನು. ಅದು ಗಣಿತದಲ್ಲಿ ಇ ಎಂದು ಕರೆಯುವ ಸಂಖ್ಯೆಯ ಮೊದಲ ಅಂಕೆಗಳು. ಕಪಾಟು ತೆರೆಯಿತು. ಉಳಿದವಕ್ಕೂ ಅದೇ ಸಂಖ್ಯೆ. ಇನ್ನೊಮ್ಮೆ ಅಲ್ಲಿಯ ಕೀಲಿ ಕೆಲಸಗಾರನೊಬ್ಬನು ಅಧಿಕಾರಿಯ ದೊಡ್ಡ ತಿಜೋರಿಯನ್ನು ತೆರೆದನೆಂದು ಕೇಳಿ, ಆ ವಿದ್ಯೆಗಾಗಿ ಅವನ ಸ್ನೇಹ ಬೆಳೆಸಿದನು. ವಿದ್ಯೆ ಏನೂ ಇರಲಿಲ್ಲ. ಕಾರಖಾನೆಯಿಂದ ಬರುವಾಗ ಇಟ್ಟ ಸಂಖ್ಯೆಯನ್ನು ಅಧಿಕಾರಿ ಬದಲಿಸಿಯೇ ಇರಲಿಲ್ಲ. ಫೈನ್‌ಮನ್ನನು ಸುತ್ತಾಡಿ ನೋಡಿದರೆ ಐದರಲ್ಲಿ ಒಂದು ತಿಜೋರಿ ಹಾಗೆಯೇ ಇದ್ದಿತು.

ಓಕ್ ರಿಜ್ ಎಂಬಲ್ಲಿ ಒಬ್ಬ ಕರ್ನಲನ ತಿಜೋರಿಯನ್ನು ಅವನೆದುರಿಗೇ ತೆರೆದು ತೋರಿಸಿ, ಕೆಲಸದ ಹೊತ್ತಿನಲ್ಲಿ ತಿಜೋರಿಯನ್ನು ತೆರೆದಿಡಬೇಡಿರೆಂದು ಎಚ್ಚರಿಸಿದನು. ಕರ್ನಲನು ಹೊರಡಿಸಿದ ಆಜ್ಞೆ ಬೇರೆ: ಫೈನ್‌ಮನ್ನನು ಯಾರ ಕೋಣೆಗೆ ಬಂದಿದ್ದನೋ ಅವರು ಸಂಖ್ಯೆ ಬದಲಿಸಬೇಕು. ತಿಜೋರಿಗಳು ಮೊದಲಿನಂತೆ ತೆರೆದೇ ಇದ್ದವು. ದೋಷ ಹೇಳಿದವನನ್ನೇ ದೋಷಿಯೆಂದು ಕಾಣುವದು ಅಮೇರಿಕೆಯಲ್ಲಿಯೂ ಇದೆಯೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವೇ ಆಯಿತು. ನಾನೂ ಮೊದಲು ಗೆಳೆಯನ ಮೇಲೆಯೇ ಸಿಟ್ಟಾಗಿದ್ದೆನು.

1945ರ ಜೂನ್ 16ರಂದು ಆರ್ಲೀನಳು ತೀರಿಕೊಂಡಳು. ಕರೆ ಬಂದಾಗ ಫೈನ್‌ಮನ್ನನು ಗೆಳೆಯ ಕ್ಲಾಸ್ ಫುಕ್ಸನ ಕಾರು ಕೇಳಿಕೊಂಡು ಹೋದನು. ದಾರಿಯಲ್ಲಿ ಗಾಲಿಗಳು ಪಂಕ್ಚರಾದವು. ಆದರೂ ಕೊನೆಯ ಗಳಿಗೆಗೆ ಮುಟ್ಟಿದನು. ಆ ಫುಕ್ಸನೇ ಬಾಂಬಿನ ಗುಟ್ಟುಗಳನ್ನು ರಶಿಯಕ್ಕೆ ಒಯ್ದು ಕೊಡುತ್ತಿದ್ದವನೆಂದು 1950ರಲ್ಲಿ ಬಯಲಾಯಿತು. ಅವನು ಯಾವ ಕೀಲಿಯನ್ನೂ ಮುರಿದವನಲ್ಲ. ಗುಟ್ಟು ತಿಳಿಯುವ ಅಧಿಕಾರ ಅವನಿಗೆ ಇದ್ದೇ ಇದ್ದಿತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಕಾರ್ನೆಲ್, ಅನಂತರ ಕ್ಯಾಲ್‌ಟೆಕ್‌ಗಳಲ್ಲಿ ಪ್ರಾಧ್ಯಾಪಕನಾದನು. ಬೆಳಕು ಮತ್ತು ವಿದ್ಯುತ್ಕಣಗಳ ವ್ಯವಹಾರವನ್ನು ವಿವರಿಸಿದ್ದಕ್ಕೆ 1965ರಲ್ಲಿ ಶ್ವಿಂಗರ್ ಮತ್ತು ಟೊಮೊನಾಗ ಇವರೊಡನೆ ನೊಬೆಲ್ ಪಾರಿತೋಷಕ ಬಂದಿತು. 1986ರಲ್ಲಿ ಚಾಲೆಂಜರ್ ವ್ಯೋಮನೌಕೆ ಏಳು ಜನರೊಡನೆ ನಾಶವಾದಾಗ ವಿಚಾರಣಾ ಮಂಡಲದಲ್ಲಿ ಆತನೂ ಇದ್ದನು. ರೋಗದಿಂದ ಬಳಲುತ್ತಿದ್ದರೂ, ಎಲ್ಲರೆದುರಿಗೆ ರಬ್ಬರಿನ ತುಂಡನ್ನು ಚಿಮಟಿಯಿಂದ ಒತ್ತಿ ಬರ್ಫದ ನೀರಿನ ಗ್ಲಾಸಿನಲ್ಲಿ ಅದ್ದಿ ತೆಗೆದನು. ಚಳಿಗೆ ಅದು ಬೇಗ ಮೊದಲಿನ ಆಕಾರಕ್ಕೆ ಬರಲಿಲ್ಲ. ನೌಕೆಯ ಸಂದುಗಳನ್ನು ಮುಚ್ಚಿದ್ದು ಅಂಥದೇ ರಬ್ಬರು. 1988ರ ಫೆಬ್ರುವರಿ 15ರಂದು ಲಾಸ್ ಏಂಜಲೀಸಿನಲ್ಲಿ ಆತನು ನಿಧನ ಹೊಂದಿದನು.

ಅವ್ವ ಕೊಟ್ಟ ಹಣವನ್ನು ನಾನು ಮರುದಿನವೇ ಫೀ ಕಟ್ಟಿ ಮುಗಿಸಿದೆನು. ಟ್ರಂಕಿಗೆ ಈಗ ಕೀಲಿಕೈ ಇರುವ ಕೀಲಿ ಹಾಕಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಖೋಲಿಯ ಉಳಿದ ಕೀಲಿಗಳನ್ನು ಪರೀಕ್ಷಿಸಿದಾಗ ಹಿರೇಕೆರೂರ ಗೆಳೆಯನದು ಅಂಗಡಿಯಿಂದ ಬಂದಂತೆ ಮೂರು ಸೊನ್ನೆಗೇ ತೆರೆಯಿತು. ಈ ಸಂಚಿಕೆ ಅಚ್ಚಾಗುವದರೊಳಗೆ ಬದಲಿಸುತ್ತೇನೆಂದು ಹೇಳಿದ್ದಾನೆ.